ಅಪರಾಹ್ನ ಬಿಡುಗಡೆ, ಪೂರ್ವಾಹ್ನ ಹಾಜರು

ಸರ್ಕಾರಿ ನಿಯಮಗಳ ಭಾಷೆಯಲ್ಲಿ ವರ್ಗಾವಣೆಯೆಂದರೆ ನೌಕರರೊಬ್ಬರು ಒಂದು ಕೇಂದ್ರಸ್ಥಾನದಿಂದ, ಅಂದರೆ ಅವರ ಕರ್ತವ್ಯಕ್ಕೆ ಗೊತ್ತುಪಡಿಸಿದ ಊರಿನಿಂದ, ಮತ್ತೊಂದು ಕೇಂದ್ರಸ್ಥಾನಕ್ಕೆ ಹೋಗಿ ಅಲ್ಲಿನ ಹುದ್ದೆಯ ಪ್ರಭಾರವನ್ನು ವಹಿಸಿಕೊಳ್ಳುವುದು. ಆಡುಮಾತಿನಲ್ಲಿ ಇದಕ್ಕೆ ‘ವರ್ಗ’ ಎಂಬ ಚಿಕ್ಕ ಪದವೂ ‘ಟ್ರಾನ್ಸ್‌ಫರ್’ ಎಂಬ ಬಳಕೆಯೂ ಇದ್ದು, ಬೇಡದಿದ್ದರೂ ಬಂದೊದಗುವ ವರ್ಗಾವಣೆಯನ್ನು ಪತ್ರಿಕೆಗಳು ‘ಎತ್ತಂಗಡಿ’ ಎಂದು ಕರೆಯುತ್ತವೆ. ಹರವಿಕೊಂಡಿದ್ದ ಅಂಗಡಿಯನ್ನು ಕಟ್ಟಿ ಎತ್ತಿಕೊಂಡು ಹೋಗುವ ಚಿತ್ರವನ್ನು ಒಡಲಲ್ಲಿಟ್ಟುಕೊಂಡಂತಿರುವ ಈ ಪದವು ನಿಯಮಾವಳಿಯ ವ್ಯಾಖ್ಯೆ ಹೇಳದೆ ಬಿಟ್ಟದ್ದನ್ನು ಹೇಳುತ್ತದೆ: ಹುದ್ದೆಯೊಂದಿಗೆ ಒಂದು ಸಂಸಾರವೂ ಎದ್ದು ನಡೆಯುತ್ತದೆ.

ವ್ಯಾಖ್ಯೆಗೂ ಬದುಕಿಗೂ ನಡುವಿನ ಈ ಅಂತರವು ನೌಕರರ ಸೇವಾ ಪುಸ್ತಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನೇಮಕದಿಂದ ನಿವೃತ್ತಿಯವರೆಗಿನ ವೃತ್ತಿಜೀವನವನ್ನು ದಾಖಲಿಸುವ ಆ ದಪ್ಪ ರಟ್ಟಿನ ಪುಸ್ತಕದ ಆರಂಭದಲ್ಲಿ ಹುಟ್ಟಿದ ದಿನಾಂಕ, ಎತ್ತರ, ಗುರುತಿನ ಮಚ್ಚೆ, ಬೆರಳಚ್ಚುಗಳು ಇರುತ್ತವೆ. ಮುಂದಿನ ಪುಟಗಳಲ್ಲಿ ವೇತನ ಬಡ್ತಿ, ರಜೆ, ವರ್ಗಾವಣೆಗಳ ನಮೂದುಗಳು ಒಂದರ ಕೆಳಗೊಂದು ಸಾಲುಗಟ್ಟುತ್ತವೆ. ಒಂದು ವರ್ಗಾವಣೆಗೆ ಅಲ್ಲಿ ಎರಡೇ ಸಾಲು. ಇಂಥ ದಿನ ಅಪರಾಹ್ನ, ಅಂದರೆ ಮಧ್ಯಾಹ್ನದ ನಂತರ, ಕರ್ತವ್ಯದಿಂದ ಬಿಡುಗಡೆ. ಇಂಥ ದಿನ ಪೂರ್ವಾಹ್ನ, ಅಂದರೆ ಮಧ್ಯಾಹ್ನಕ್ಕೆ ಮೊದಲು, ಕರ್ತವ್ಯಕ್ಕೆ ಹಾಜರು. ಮನೆ ಖಾಲಿ ಮಾಡಿದ್ದು, ಮಕ್ಕಳನ್ನು ಶಾಲೆ ಬಿಡಿಸಿದ್ದು, ಮುದಿ ತಾಯಿಯನ್ನು ಯಾರ ಬಳಿ ಬಿಡುವುದೆಂದು ತೋಚದೆ ಕುಳಿತದ್ದು, ಹೊಸ ಊರಿನಲ್ಲಿ ಕುಡಿಯುವ ನೀರಿನ ದಾರಿ ಹುಡುಕಿದ್ದು ಎಲ್ಲವೂ ಆ ಎರಡು ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ನಡೆದುಹೋಗಿರುತ್ತವೆ. ಆ ಖಾಲಿ ಜಾಗದಲ್ಲಿ ಯಾರು ಯಾರು ದುಡಿಯುತ್ತಾರೆ, ಅವರ ದುಡಿಮೆಗೆ ಆಡಳಿತದಲ್ಲಿ ಯಾವ ಸ್ಥಾನವಿದೆ ಎಂಬುದನ್ನು ವಿಚಾರಿಸುವುದಕ್ಕೆ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಷ್ಟು ತಕ್ಕ ನೆಲ ಮತ್ತೊಂದು ಸಿಗಲಾರದು.

ಸಿಂಧನೂರಿನಿಂದ ಸಿರುಗುಪ್ಪದ ಕಡೆ ಹೋಗುವ ಹೆದ್ದಾರಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲಿರುವ ದಢೇಸುಗೂರು ಈ ಭಾಗದವರಿಗೆ ಹೊಳೆಯ ಸೇತುವೆಯಿಂದಲೂ ಭತ್ತದ ಗದ್ದೆಗಳಿಂದಲೂ ಕೃಷಿ ಸಂಶೋಧನಾ ಕೇಂದ್ರದಿಂದಲೂ ಪರಿಚಿತವಾದ ಊರು. ಕೇಂದ್ರವು ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಆ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಕ್ಷೇತ್ರ ಸಹಾಯಕರೂ ಬೀದರ, ಕಲಬುರಗಿ, ಭೀಮರಾಯನಗುಡಿ, ಗಂಗಾವತಿ, ಸಿರುಗುಪ್ಪ, ಲಿಂಗಸುಗೂರು ಮೊದಲಾದ ಊರುಗಳ ನಡುವೆ ವರ್ಗವಾಗುವ ಸಾಧ್ಯತೆಯನ್ನು ಇಟ್ಟುಕೊಂಡೇ ಬದುಕುತ್ತಾರೆ. ಸುತ್ತಲಿನ ಹಳ್ಳಿಗಳ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಗ್ರಾಮ ಪಂಚಾಯಿತಿ, ಬ್ಯಾಂಕು, ಕಾಲುವೆ ಕಚೇರಿಗಳಲ್ಲಿಯೂ ಸ್ಥಿತಿ ಇದೇ ಆಗಿದ್ದು, ಊರಿನ ಓದು, ಆರೋಗ್ಯ, ನೀರು, ಸಾಲಗಳನ್ನು ನೋಡಿಕೊಳ್ಳುವವರಲ್ಲಿ ಅನೇಕರು ಬೇರೆ ಊರಿನಿಂದ ಬಂದವರು ಮತ್ತು ಮುಂದೊಂದು ದಿನ ಹೋಗುವವರು.

ಬಂದವರು ಕಟ್ಟಿದ ಸೀಮೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ಪ್ರದೇಶಕ್ಕೆ, ಅಂದರೆ ಎರಡು ಹೊಳೆಗಳ ನಡುವಿನ ನೆಲಕ್ಕೆ, ಹೊರಗಿನಿಂದ ಬಂದ ನೌಕರರು ಹೊಸಬರಲ್ಲ. ನಿಜಾಮ ಸಂಸ್ಥಾನದ ಕಾಲದಲ್ಲಿ ಚಿನ್ನದ ಅದಿರನ್ನು ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರು 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಕಂಡ ಬರಹವೇ ಸಾಮ್ರಾಟನ ಹೆಸರು ‘ಅಶೋಕ’ ಎಂದು ಸ್ಪಷ್ಟಪಡಿಸಿದ ಶಾಸನವಾಗಿ ಭಾರತದ ಇತಿಹಾಸದಲ್ಲಿ ಮಹತ್ವದ್ದಾಯಿತು. ಇದೇ ಅಶೋಕನ ಮತ್ತೊಂದು ಶಾಸನ ಇಂದಿನ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದ್ದು, ಅದು ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೆಂಬ ಉನ್ನತ ಅಧಿಕಾರಿಗಳೂ ಇಸಿಲವೆಂಬ ಊರಿನ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆಯ ರೂಪದಲ್ಲಿದೆ. ಸುವರ್ಣಗಿರಿಯನ್ನು ಕೆಲವು ವಿದ್ವಾಂಸರು ಮಸ್ಕಿಯೆಂದೂ ಕೆಲವರು ಕೊಪ್ಪಳ ಜಿಲ್ಲೆಯ ಕನಕಗಿರಿಯೆಂದೂ ಗುರುತಿಸಿದ್ದಾರೆ. ಆ ಆಜ್ಞೆಯು ವಿಷಯಕ್ಕೆ ಬರುವ ಮೊದಲು ದೂರದ ಊರಿನ ಅಧಿಕಾರಿಗಳ ಆರೋಗ್ಯವನ್ನು ವಿಚಾರಿಸುತ್ತದೆ. ಅದರಲ್ಲಿ ಬರುವ 256 ಎಂಬ ಸಂಖ್ಯೆಯನ್ನು ಪ್ರವಾಸದಲ್ಲಿ, ಮನೆಯಿಂದ ಹೊರಗೆ ಕಳೆದ ರಾತ್ರಿಗಳ ಲೆಕ್ಕವೆಂದು ಹಲವು ವಿದ್ವಾಂಸರು ಅರ್ಥೈಸುತ್ತಾರೆ. ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರ’ ಎಂಬ ತನ್ನ ವೃತ್ತಿಯ ಪದವನ್ನು ಮಾತ್ರ ಗಾಂಧಾರ ಸೀಮೆಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅವನು ವಾಯವ್ಯದ ಗಡಿಸೀಮೆಯಲ್ಲಿ ಬರೆಯಲು ಕಲಿತು, ಕೆಲಸದ ನಿಮಿತ್ತ ಇಷ್ಟು ದಕ್ಷಿಣಕ್ಕೆ ಬಂದವನಿರಬೇಕೆಂಬುದು ಇತಿಹಾಸಕಾರರ ಊಹೆ. ಕನ್ನಡ ನೆಲದಲ್ಲಿ ಹೆಸರು ಉಳಿಸಿಹೋದ ಮೊದಲ ನೌಕರರಲ್ಲೊಬ್ಬನು ಹೀಗೆ ಬಹಳ ದೂರದಿಂದ ವರ್ಗವಾಗಿ ಬಂದವನಂತೆ ಕಾಣುತ್ತಾನೆ.

ಹತ್ತಿರದ ಕಾಲಕ್ಕೆ ಬಂದರೆ, ಹೈದರಾಬಾದ್ ಸಂಸ್ಥಾನದಲ್ಲಿ ತಾನೇ ಒಂದು ಜಿಲ್ಲೆಯ ಕೇಂದ್ರವಾಗಿದ್ದ ಲಿಂಗಸುಗೂರು 1905ರಲ್ಲಿ ಆ ಸ್ಥಾನವನ್ನು ಕಳೆದುಕೊಂಡಿತು. ಒಂದು ಊರು ಜಿಲ್ಲಾ ಕೇಂದ್ರವಾಗುವುದೆಂದರೆ ನೂರಾರು ಸಂಸಾರಗಳು ಬರುವುದು, ಆ ಸ್ಥಾನ ಕಳೆದುಕೊಳ್ಳುವುದೆಂದರೆ ಅವು ಹೋಗುವುದು. 1956ರ ನವೆಂಬರ್ 1ರಂದು ಅಲಂಪುರ, ಗದ್ವಾಲ ತಾಲ್ಲೂಕುಗಳನ್ನು ಬಿಟ್ಟು ಉಳಿದ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಹೈದರಾಬಾದಿನ ನೌಕರರ ಒಂದು ಭಾಗ ಹೊಸ ರಾಜ್ಯಕ್ಕೆ ಹಂಚಿಕೆಯಾಯಿತು. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 115ನೆಯ ಪ್ರಕರಣ ಅವರ ಸೇವಾ ಷರತ್ತುಗಳಿಗೆ ರಕ್ಷಣೆ ಕೊಟ್ಟಿತಾದರೂ, ಹೈದರಾಬಾದಿನಲ್ಲಿ ಇಷ್ಟು ವರ್ಷ ದುಡಿದವರೂ ಹಳೆಯ ಮೈಸೂರಿನಲ್ಲಿ ಅಷ್ಟು ವರ್ಷ ದುಡಿದವರೂ ಒಂದೇ ಜ್ಯೇಷ್ಠತಾ ಪಟ್ಟಿಯಲ್ಲಿ, ಅಂದರೆ ಹಿರಿತನದ ಕ್ರಮಪಟ್ಟಿಯಲ್ಲಿ, ಎಲ್ಲೆಲ್ಲಿ ನಿಲ್ಲಬೇಕೆಂಬ ವ್ಯಾಜ್ಯಗಳು ಬಹುಕಾಲ ನಡೆದವು. ಉರ್ದುವಿನಲ್ಲಿ ಕಡತ ಬರೆದು ಪಳಗಿದ್ದ ಕೈಗಳು ಬೇರೆ ಭಾಷೆಯ ಕಡತಕ್ಕೆ ಒಗ್ಗಬೇಕಾಯಿತು. ಇದ್ದ ಊರಿನಲ್ಲಿಯೇ ಇದ್ದು ಬೇರೆ ರಾಜ್ಯಕ್ಕೆ ವರ್ಗವಾದ ವಿಚಿತ್ರ ಅನುಭವ ಆ ತಲೆಮಾರಿನದು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿಯತೊಡಗಿದ ಮೇಲೆ ಕರಾವಳಿ ಆಂಧ್ರದಿಂದ ರೈತ ಕುಟುಂಬಗಳು ಬಂದು ಜಮೀನು ಕೊಂಡು ಭತ್ತ ನೆಟ್ಟವು. ಅವು ನೆಲೆಸಿದ ಜಾಗಗಳು ಇಂದಿಗೂ ‘ಕ್ಯಾಂಪ್’ ಎಂಬ ಹೆಸರಿನ ಊರುಗಳಾಗಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸಿಂಧನೂರು ತಾಲ್ಲೂಕಿನಲ್ಲಿ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪ್‌ಗಳಲ್ಲಿ, ಅಂದರೆ ಪುನರ್ವಸತಿ ಕ್ಯಾಂಪ್‌ಗಳಲ್ಲಿ, ಕನ್ನಡ ಶಾಲೆಯ ಮಕ್ಕಳು ಮನೆಯಲ್ಲಿ ಬಂಗಾಳಿಯನ್ನು ಆಡುತ್ತಾರೆ. 2018ರಲ್ಲಿ ಮಸ್ಕಿ ಹೊಸ ತಾಲ್ಲೂಕಾದಾಗ ಮತ್ತೊಂದು ಸುತ್ತಿನ ಕಚೇರಿಗಳೂ ಸಿಬ್ಬಂದಿಯೂ ಅಲ್ಲಿಗೆ ಬಂದರು. ಊರು ಬಿಟ್ಟು ಬಂದವರನ್ನು ಒಳಗೆ ಕರೆದುಕೊಳ್ಳುವ ಅಭ್ಯಾಸ ಈ ಸೀಮೆಗೆ ಕೆಲವು ತಲೆಮಾರುಗಳಿಂದ ಕೈವಶವಾಗಿದೆ. ನೌಕರರ ವರ್ಗಾವಣೆಯ ಮಾನವೀಯ ಭಾಗವೆಲ್ಲ ನಿಂತಿರುವುದು ಈ ಅಭ್ಯಾಸದ ಮೇಲೆ.

ನಿಯಮವು ನೋಡುವ ಬಗೆ

ನಿಯಮದ ದೃಷ್ಟಿಯಲ್ಲಿ ವರ್ಗಾವಣೆಗಳು ಮುಖ್ಯವಾಗಿ ಎರಡು ಬಗೆ. ‘ಸಾರ್ವಜನಿಕ ಹಿತದೃಷ್ಟಿಯಿಂದ’ ಆಗುವ ವರ್ಗಾವಣೆಯಲ್ಲಿ ಸರ್ಕಾರವೇ ನೌಕರರನ್ನು ಕಳುಹಿಸುವುದರಿಂದ ಸೇರುವಿಕೆಯ ಕಾಲವೂ, ಅಂದರೆ ಹೊಸ ಊರಿಗೆ ಹೋಗಿ ಸೇರಲು ಕೊಡುವ ದಿನಗಳೂ, ಸಾಮಾನು ಸಾಗಣೆ ಸೇರಿದ ಪ್ರಯಾಣ ಭತ್ಯೆಯೂ ಸಿಗುತ್ತವೆ. ‘ಕೋರಿಕೆಯ ಮೇರೆಗೆ’ ಆಗುವ ವರ್ಗಾವಣೆಯಲ್ಲಿ ಖರ್ಚು ಕೇಳಿದವರದೇ. ಒಂದು ಜ್ಯೇಷ್ಠತಾ ಘಟಕದಿಂದ, ಉದಾಹರಣೆಗೆ ಒಂದು ಜಿಲ್ಲೆಯಿಂದ, ಮತ್ತೊಂದಕ್ಕೆ ಕೋರಿಕೆಯ ಮೇಲೆ ಹೋದ ಶಿಕ್ಷಕರು ಅಲ್ಲಿನ ಪಟ್ಟಿಯ ಕೆಳತುದಿಗೆ ಇಳಿಯಬೇಕಾಗುತ್ತದೆ. ಹಾಸಿಗೆ ಹಿಡಿದ ತಂದೆಯ ಬಳಿ ಇರಲು ಬಯಸುವವರು ಹತ್ತಾರು ವರ್ಷಗಳ ಹಿರಿತನವನ್ನು ತೂಗಿ ನೋಡಿ ಅರ್ಜಿ ಬರೆಯುತ್ತಾರೆ.

ಶಿಕ್ಷಕರ ವರ್ಗಾವಣೆ ಶಿಫಾರಸಿನ ಮೇಲೆ ನಡೆಯದಿರಲೆಂದು ಕರ್ನಾಟಕವು 2007ರಲ್ಲಿ ಪ್ರತ್ಯೇಕ ಕಾಯ್ದೆಯನ್ನು ಮಾಡಿತು. ಶಾಲೆಗಳನ್ನು ಅವು ನಗರಕ್ಕೆ ಎಷ್ಟು ಹತ್ತಿರವಿವೆ ಎಂಬುದರ ಮೇಲೆ ಎ, ಬಿ, ಸಿ ಎಂಬ ವಲಯಗಳಾಗಿ ವಿಂಗಡಿಸಿ, ಕೌನ್ಸೆಲಿಂಗ್ ಎಂಬ ಬಹಿರಂಗ ಆಯ್ಕೆಯ ಕ್ರಮದಲ್ಲಿ ಖಾಲಿ ಹುದ್ದೆಗಳನ್ನು ತೋರಿಸಿ ಆರಿಸಿಕೊಳ್ಳಲು ಬಿಡುವುದು ಇದರ ತಿರುಳು. ಪತಿ–ಪತ್ನಿ ಪ್ರಕರಣ, ಗಂಭೀರ ಕಾಯಿಲೆ, ಅಂಗವಿಕಲತೆ ಮುಂತಾದವುಗಳಿಗೆ ಆದ್ಯತೆಯಿದ್ದು, ಇಬ್ಬರು ಶಿಕ್ಷಕರು ಒಪ್ಪಿ ಸ್ಥಳ ಬದಲಿಸಿಕೊಳ್ಳುವ ಪರಸ್ಪರ ವರ್ಗಾವಣೆಗೂ ಅವಕಾಶವಿದೆ. ಎ ವಲಯದಲ್ಲಿ ಬಹುಕಾಲ ಇದ್ದವರನ್ನು ಸಿ ವಲಯಕ್ಕೆ ಕಳುಹಿಸಿದ 2019ರ ಕಡ್ಡಾಯ ವರ್ಗಾವಣೆಯು ಹಳ್ಳಿಯ ಮಕ್ಕಳ ಹಿತದ ನ್ಯಾಯವಾದ ಗುರಿಯನ್ನು ಹೊಂದಿದ್ದರೂ ಅನೇಕ ಸಂಸಾರಗಳನ್ನು ಅಲುಗಾಡಿಸಿತು. ಅದರಿಂದ ನೊಂದವರಿಗೆ ಪರಿಹಾರ ಒದಗಿಸುವುದು 2020ರ ಹೊಸ ಕಾಯ್ದೆಯ ಉದ್ದೇಶಗಳಲ್ಲೊಂದಾಯಿತು. ಗುರಿ ಸರಿಯಿದ್ದ ಮಾತ್ರಕ್ಕೆ ದಾರಿಯೂ ಮಾನವೀಯವಾಗಿಬಿಡುವುದಿಲ್ಲ ಎಂಬ ಪಾಠವನ್ನು ರಾಜ್ಯ ಹೀಗೆ ತನ್ನ ಅನುಭವದಿಂದಲೇ ಕಲಿತಿದೆ.

ಕಲ್ಯಾಣ ಕರ್ನಾಟಕದ ಮಟ್ಟಿಗೆ ಸಂವಿಧಾನದ 371(ಜೆ) ವಿಧಿಯೂ ಇಲ್ಲಿ ಪ್ರಸ್ತುತವಾಗಿದೆ. 98ನೆಯ ತಿದ್ದುಪಡಿಯ ಮೂಲಕ ಬಂದ ಈ ವಿಧಿಯನ್ನು ಅನುಸರಿಸಿ 2013ರಲ್ಲಿ ಹೊರಟ ಆದೇಶವು ಈ ಪ್ರದೇಶದ ಎ ಮತ್ತು ಬಿ ವೃಂದದ ಹುದ್ದೆಗಳಲ್ಲಿ ಶೇ. 75, ಸಿ ವೃಂದದಲ್ಲಿ ಶೇ. 80, ಡಿ ವೃಂದದಲ್ಲಿ ಶೇ. 85ರಷ್ಟನ್ನು ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲಿಟ್ಟಿತು. ನೇಮಕವಾಗಿ ಬಂದವರು ಕೆಲವೇ ವರ್ಷಗಳಲ್ಲಿ ತಮ್ಮ ಸೀಮೆಗೆ ಹೊರಟುಹೋಗಿ ಹುದ್ದೆಗಳು ಖಾಲಿ ಬೀಳುತ್ತಿದ್ದ ಹಳೆಯ ನೋವಿಗೂ ಇದು ಒಂದು ಮದ್ದು. ಆದರೆ ಸ್ಥಳೀಯರೆಂಬ ಪದದೊಳಗೆ ಬೀದರದಿಂದ ಬಳ್ಳಾರಿ, ವಿಜಯನಗರದವರೆಗಿನ ಏಳು ಜಿಲ್ಲೆಗಳು ಸೇರುವುದರಿಂದ, ಬೀದರ ಜಿಲ್ಲೆಯ ಔರಾದಿನ ಯುವತಿಗೆ ದಢೇಸುಗೂರಿನ ಕಡೆಯ ಹಳ್ಳಿಯು ದೂರದ ಊರಾಗಿಯೇ ಉಳಿಯುತ್ತದೆ. ಬ್ಯಾಂಕುಗಳಲ್ಲಿ ವರ್ಗಾವಣೆಯ ನಕಾಶೆ ಇನ್ನೂ ಹಿಗ್ಗಿದೆ. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಬಳ್ಳಾರಿಯನ್ನು ಕೇಂದ್ರವಾಗುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಂದಿಗೆ ವಿಲೀನವಾದ ಮೇಲೆ ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕು ಉಳಿದಿದೆ.

ನ್ಯಾಯಾಲಯಗಳ ನೋಟವೂ ನಿಧಾನವಾಗಿ ಅಗಲವಾಗಿದೆ. ಒಂದೇ ಊರಿನಲ್ಲಿ ಉಳಿಯುವ ಹಕ್ಕು ನೌಕರರಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1990ರ ಶಿಲ್ಪಿ ಬೋಸ್ ಪ್ರಕರಣದಲ್ಲಿ ಹೇಳಿತು. ದಂಪತಿಯನ್ನು ಒಂದೇ ಕಡೆ ಇರಿಸುವುದು ಅಪೇಕ್ಷಣೀಯವಾದರೂ ಅದು ಹಕ್ಕಲ್ಲವೆಂದು ಮರುವರ್ಷ ಬ್ಯಾಂಕ್ ನೌಕರರೊಬ್ಬರ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2022ರ ನೌಶಾದ್ ರೆಹಮಾನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ವರ್ಗಾವಣೆಯ ಅಧಿಕಾರವನ್ನು ಸರ್ಕಾರದ ಬಳಿಯೇ ಉಳಿಸಿ, ನೀತಿಯನ್ನು ರೂಪಿಸುವಾಗ ಕುಟುಂಬ ಜೀವನದ ರಕ್ಷಣೆಯನ್ನು ಗಮನಕ್ಕೆ ತೆಗೆದುಕೊಳ್ಳಬೇಕೆಂದು ಸೂಚಿಸಿತು. ಕಾನೂನಿನ ಕಣ್ಣಿಗೆ ಹುದ್ದೆಯ ಹಿಂದಿನ ಮನೆ ಕಾಣತೊಡಗಿದೆ.

ಮನೆ ಎಂಬ ಸಾಮಾನು

ಅಮೆರಿಕದ ಮನೋವೈದ್ಯಕೀಯ ಸಂಶೋಧಕರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರೇ 1967ರಲ್ಲಿ ಬದುಕಿನ 43 ಘಟನೆಗಳನ್ನು ಪಟ್ಟಿಮಾಡಿ, ಅವುಗಳಿಗೆ ಹೊಂದಿಕೊಳ್ಳಲು ಬೇಕಾಗುವ ಶ್ರಮವನ್ನು ಅಂಕಗಳಲ್ಲಿ ಅಳೆಯಲು ಯತ್ನಿಸಿದರು. ಬಾಳಸಂಗಾತಿಯ ಸಾವಿಗೆ 100 ಅಂಕಗಳಿದ್ದ ಆ ಅಳತೆಪಟ್ಟಿಯಲ್ಲಿ ಮನೆ ಬದಲಿಸುವುದಕ್ಕೆ ಇರುವುದು 20 ಮಾತ್ರ. ಆದರೆ ವರ್ಗಾವಣೆಯಲ್ಲಿ ಮನೆಯೊಂದೇ ಬದಲಾಗುವುದಿಲ್ಲ. ಶಾಲೆಯ ಬದಲಾವಣೆಗೆ 20, ಜೀವನ ಪರಿಸ್ಥಿತಿಯ ಬದಲಾವಣೆಗೆ 25, ಕೆಲಸದ ಹೊಣೆಯ ಬದಲಾವಣೆಗೆ 29, ಪತ್ನಿ ಉದ್ಯೋಗ ಬಿಡುವುದಕ್ಕೆ ಅಥವಾ ಸೇರುವುದಕ್ಕೆ 26, ಒಡನಾಟದ ಬದಲಾವಣೆಗೆ 18 ಎಂದು ಕೂಡುತ್ತ ಹೋದರೆ ಮೊತ್ತ 138ಕ್ಕೆ ಮುಟ್ಟುತ್ತದೆ. ಅಮೆರಿಕನ್ನರ ಬದುಕಿನಿಂದ ಹುಟ್ಟಿದ ಈ ಅಂಕಗಳನ್ನು ಸಿಂಧನೂರಿಗೆ ಹಾಗೆಯೇ ಅನ್ವಯಿಸಲಾಗದಾದರೂ, ಸಣ್ಣದೆಂದು ತೋರುವ ಹಲವು ಬದಲಾವಣೆಗಳು ಒಟ್ಟಿಗೆ ಬಂದಾಗ ದೊಡ್ಡ ಭಾರವಾಗುತ್ತವೆಂಬ ತತ್ತ್ವ ಎಲ್ಲ ಊರಿಗೂ ಒಂದೇ.

ಈ ಭಾರದ ದೊಡ್ಡ ಪಾಲು ಆದೇಶದಲ್ಲಿ ಹೆಸರಿಲ್ಲದವರ ಮೇಲೆ ಬೀಳುತ್ತದೆ. ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಲೋ ಹೊಲಿಗೆ ಅಂಗಡಿ ನಡೆಸುತ್ತಲೋ ತನ್ನದೇ ಸಂಪಾದನೆ ಕಟ್ಟಿಕೊಂಡಿದ್ದ ಹೆಂಡತಿ ಅದನ್ನು ಬಿಟ್ಟು ಹೊಸ ಊರಿನಲ್ಲಿ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ನೌಕರಿ ಹೆಂಡತಿಯದಾದರೆ ಗಂಡ ಹಳೆಯ ಊರಿನಲ್ಲಿ ಉಳಿದು, ವಾರಕ್ಕೊಮ್ಮೆ ಬಸ್ಸು ಹತ್ತುವ ಸಂಸಾರ ಶುರುವಾಗುತ್ತದೆ. ಶಾಲೆ ಬಿಡುವ ಮಗುವಿನ ಕೈಗೆ ಬರುವ ಕಾಗದದ ಹೆಸರೂ ವರ್ಗಾವಣೆ ಪ್ರಮಾಣಪತ್ರವೇ. ದೊಡ್ಡವರು ಭತ್ಯೆ, ಬಡ್ತಿ, ಖಾಲಿ ಹುದ್ದೆಗಳ ಲೆಕ್ಕದಲ್ಲಿ ವರ್ಗವಾದರೆ, ಆ ಮಗು ಏನನ್ನೂ ಕೋರದೆ, ಯಾವ ಕೌನ್ಸೆಲಿಂಗಿನಲ್ಲಿಯೂ ಕೂರದೆ, ಪಕ್ಕದ ಬೆಂಚಿನ ಗೆಳತಿಯನ್ನು ಬಿಟ್ಟು ವರ್ಗವಾಗುತ್ತದೆ.

ಕಾಲವೂ ಕಠಿಣವಾದದ್ದೇ. ಸಾಮಾನ್ಯ ವರ್ಗಾವಣೆಗಳು ಬಹುಮಟ್ಟಿಗೆ ಶಾಲೆಗಳ ಬೇಸಿಗೆ ರಜೆಯನ್ನು ಹಿಡಿದು ಮೇ, ಜೂನ್ ತಿಂಗಳುಗಳಲ್ಲಿ ನಡೆಯುತ್ತವೆ. ರಾಯಚೂರು ಸೀಮೆಯಲ್ಲಿ ಆಗ ಬಿಸಿಲು 40 ಡಿಗ್ರಿಯನ್ನು ದಾಟಿರುತ್ತದೆ, ಎರಡನೆಯ ಬೆಳೆಯ ಕೊಯ್ಲು ಮುಗಿದು ಕಾಲುವೆ ನಿಂತಿರುತ್ತದೆ, ಕಾಲುವೆಯ ಕೆಳಭಾಗದ ಹಳ್ಳಿಗಳಲ್ಲಿ ಕುಡಿಯುವ ನೀರಿನ ಕೆರೆಗಳ ಮಟ್ಟ ಇಳಿದಿರುತ್ತದೆ. ಅಕ್ಟೋಬರಿನಲ್ಲಿ ಹೊಳೆಯ ಉದ್ದಕ್ಕೂ ಹಸಿರು ಗದ್ದೆಗಳಿಂದ ಕಣ್ಣಿಗೆ ಹಬ್ಬವಾಗುವ ಇದೇ ದಢೇಸುಗೂರು, ಮೇ ತಿಂಗಳ ನಡುಮಧ್ಯಾಹ್ನ ಲಾರಿಯಿಂದಿಳಿದ ಸಂಸಾರಕ್ಕೆ ತೋರಿಸುವುದು ಒಣಗಿದ ಕೂಳೆಯನ್ನೂ ಧೂಳನ್ನೂ ಮಾತ್ರ. ಊರಿನ ಮೊದಲ ಪರಿಚಯವೇ ಅದರ ಅತ್ಯಂತ ಕಷ್ಟದ ದಿನಗಳಲ್ಲಿ ಆಗುವುದರಿಂದ, ಬಂದ ದಿನವೇ ಹಿಂದಿರುಗುವ ಅರ್ಜಿಯ ಯೋಚನೆ ಹುಟ್ಟುವುದು ಸಹಜ.

ಖಾಲಿ ಜಾಗದಲ್ಲಿ ದುಡಿಯುವವರು

ಬೆಂಗಳೂರಿನಂಥ ನಗರದಲ್ಲಿ ದೊಡ್ಡ ಕಂಪನಿಗಳು ನೌಕರರನ್ನು ಊರಿಂದೂರಿಗೆ, ದೇಶದಿಂದ ದೇಶಕ್ಕೆ ಕಳುಹಿಸುವಾಗ ಈ ಕೆಲಸವನ್ನು ಅದಕ್ಕೆಂದೇ ಇರುವ ಸಂಸ್ಥೆಗಳಿಗೆ ಒಪ್ಪಿಸುತ್ತವೆ. ಮನೆ ಹುಡುಕುವುದು, ಕರಾರು ಮಾಡಿಸುವುದು, ಮಕ್ಕಳಿಗೆ ಶಾಲೆ ಗೊತ್ತುಮಾಡುವುದು, ಊರಿನ ರೀತಿನೀತಿಗಳನ್ನು ತಿಳಿಸಿಕೊಡುವುದು ಅಲ್ಲಿ ಸಂಬಳಕ್ಕೆ ಮಾಡುವ ವೃತ್ತಿಯಾಗಿದೆ. ಅಲ್ಲಿ ದುಡಿಯುವವರ ನಿಜವಾದ ಕೌಶಲವಿರುವುದು ಊರು ಬಿಟ್ಟು ಬಂದವರ ಕಳವಳವನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವುದರಲ್ಲಿ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಪುಸ್ತಕದಲ್ಲಿ ಇಂಥ ದುಡಿಮೆಯನ್ನು ಭಾವಶ್ರಮವೆಂಬ ಅರ್ಥದ ಹೆಸರಿನಿಂದ ಗುರುತಿಸಿದರು. ತನ್ನ ಭಾವನೆಯನ್ನು ಹದದಲ್ಲಿಟ್ಟುಕೊಂಡು ಎದುರಿನವರ ಮನಸ್ಸನ್ನು ಸಮಾಧಾನದಲ್ಲಿರಿಸುವುದೂ ದುಡಿಮೆಯೇ, ಅದೂ ಮೈಯನ್ನು ದಣಿಸುತ್ತದೆ ಎಂಬುದು ಆ ಪರಿಕಲ್ಪನೆಯ ಸಾರ.

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಈ ಎಲ್ಲ ಕೆಲಸವೂ ನಡೆಯುತ್ತದೆ. ಅದಕ್ಕೆ ಹುದ್ದೆಯಾಗಲಿ ಹೆಸರಾಗಲಿ ಸಂಬಳವಾಗಲಿ ಇಲ್ಲ. ಅದನ್ನು ಮಾಡುವವರಲ್ಲಿ ಮೊದಲನೆಯವರು ಕಚೇರಿಯ ವಿಷಯ ನಿರ್ವಾಹಕರು, ಅಂದರೆ ವರ್ಗಾವಣೆಯ ಕಡತವನ್ನು ನೋಡಿಕೊಳ್ಳುವ ಗುಮಾಸ್ತರು. ಬಿಡುಗಡೆ ಆದೇಶ, ಕೊನೆಯ ತಿಂಗಳವರೆಗೆ ಪಡೆದ ಸಂಬಳವನ್ನು ದೃಢೀಕರಿಸುವ ಅಂತಿಮ ವೇತನ ಪ್ರಮಾಣಪತ್ರ, ಸೇವಾ ಪುಸ್ತಕ ಇವುಗಳಲ್ಲಿ ಒಂದು ತಡವಾದರೂ ಹೊಸ ಊರಿನಲ್ಲಿ ಸಂಬಳ ನಿಲ್ಲುತ್ತದೆ. ಮುಂಗಡ ಬಾಡಿಗೆ, ಲಾರಿ ಬಾಡಿಗೆ, ಶಾಲೆಯ ಶುಲ್ಕ ಒಟ್ಟಿಗೆ ಬಂದು ನಿಂತ ತಿಂಗಳಲ್ಲಿಯೇ ಹೀಗಾಗುತ್ತದೆ. ಆದ್ದರಿಂದ ಬಲ್ಲ ಗುಮಾಸ್ತರು ಕಾಗದಗಳನ್ನು ಅಂಚೆಗೆ ಬಿಡದೆ ಹೋಗುವವರ ಮೂಲಕವೇ ಮುಚ್ಚಿದ ಲಕೋಟೆಯಲ್ಲಿ ಕಳುಹಿಸುವ ದಾರಿ ಹುಡುಕುತ್ತಾರೆ, ಹೊಸ ಕಚೇರಿಗೆ ಫೋನು ಮಾಡುತ್ತಾರೆ. ಅವರ ಮೇಜಿನ ಮುಂದೆ ಕಣ್ಣೀರು ಹಾಕುವವರೂ ಸಿಟ್ಟಾಗುವವರೂ ಇರುತ್ತಾರೆ. ಆದೇಶ ಮಾಡಿದವರು ಅವರಲ್ಲದಿದ್ದರೂ ಅದರ ಬಿಸಿ ತಾಗುವುದು ಅವರಿಗೆ.

ಎರಡನೆಯವರು ಸಾಮಾನು ಹೇರುವ ಹಮಾಲರು. ಸಂಸಾರವೊಂದರ ಸಾಮಾನನ್ನು ಕಟ್ಟುವುದರಲ್ಲಿ ಪಳಗಿದವರು ‘ಮೊದಲು ಬೇಕಾಗೋ ಗಂಟು ಯಾವುದ್ರಿ?’ ಎಂದು ಕೇಳಿ, ಒಲೆ, ಕೊಡ, ರೊಟ್ಟಿ ಹಂಚು, ಜೋಳದ ಹಿಟ್ಟು, ಮಗುವಿನ ಹಾಸಿಗೆ, ಕಾಗದಪತ್ರಗಳ ಚೀಲಗಳನ್ನು ಎಲ್ಲಕ್ಕಿಂತ ಕೊನೆಗೆ ಲಾರಿಯ ಹಿಂಬಾಗಿಲ ಹತ್ತಿರ ಇಡುತ್ತಾರೆ. ಕಪಾಟು, ಮಂಚಗಳು ನಾಳೆಯವರೆಗೆ ಕಾಯಬಲ್ಲವು. ರಾತ್ರಿಯ ಅಡುಗೆ ಕಾಯಲಾರದು. ಕೊನೆಗೆ ಹೇರಿದ್ದು ಮೊದಲು ಇಳಿಯುತ್ತದೆಂಬ ಈ ಸರಳ ಜ್ಞಾನದಲ್ಲಿ, ಹೊಸ ಊರಿನ ಮೊದಲ ರಾತ್ರಿ ಹೇಗಿರುತ್ತದೆ ಎಂಬುದನ್ನು ಮುಂಚಿತವಾಗಿ ನೆನೆಯುವ ಕಾಳಜಿ ಇದೆ.

ಮೂರನೆಯವರು ಮನೆ ಮಾಲೀಕರು ಮತ್ತು ನೆರೆಯವರು. ಬಾಡಿಗೆ ಕೇಳಿ ಬಂದವರಿಗೆ ಎದುರಾಗುವ ಪ್ರಶ್ನೆಗಳಲ್ಲಿ ಕೆಲಸ ಯಾವುದೆಂಬುದರ ಜೊತೆಗೆ ಜಾತಿ, ಧರ್ಮ, ಊಟದ ಪದ್ಧತಿಗಳೂ ಸೇರುವುದುಂಟು. ಆದೇಶದ ಪ್ರತಿಯಲ್ಲಿ ಎಲ್ಲ ನೌಕರರೂ ಸಮಾನರಾದರೂ ಬಾಡಿಗೆ ಮನೆಯ ಬಾಗಿಲಲ್ಲಿ ಹಾಗಿರುವುದಿಲ್ಲ ಎಂಬುದು ದಲಿತ ಮತ್ತು ಮುಸ್ಲಿಂ ನೌಕರರು ಅನೇಕ ಊರುಗಳಲ್ಲಿ ಎದುರಿಸುವ ಕಹಿ ಸತ್ಯ. ಅದನ್ನು ಮರೆತು ವರ್ಗಾವಣೆಯ ಮಾನವೀಯತೆಯನ್ನು ಮಾತಾಡುವುದು ಪೊಳ್ಳಾಗುತ್ತದೆ. ಇನ್ನೊಂದೆಡೆ, ಬಂದ ದಿನವೇ ಬಿಸಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟು, ಕೊಳಾಯಿಗೆ ನೀರು ಯಾವ ದಿನ ಬರುತ್ತದೆ, ಯಾವ ಡಾಕ್ಟರು ರಾತ್ರಿಯೂ ಬಾಗಿಲು ತೆರೆಯುತ್ತಾರೆ ಎಂದು ಹೇಳಿಹೋಗುವ ಪಕ್ಕದ ಮನೆಯವರೂ ಇದೇ ಬೀದಿಗಳಲ್ಲಿದ್ದಾರೆ. ಕಂಪನಿಗಳ ಕಡೆಯವರು ಸಂಬಳಕ್ಕೆ ಕೊಡುವ ಮಾಹಿತಿಯನ್ನೇ ಅವರು ಪ್ರೀತಿಯಿಂದ ಕೊಡುತ್ತಾರೆ.

ಉಳಿದವರ ಪಾಲು

ಹೋಗುವವರ ನೋವನ್ನು ಹೇಳುವಾಗ ಉಳಿಯುವವರ ನೋವನ್ನು ಬಿಡಲಾಗದು. ವರ್ಷ ವರ್ಷ ಶಿಕ್ಷಕರು ಬದಲಾಗುವ ಹಳ್ಳಿಯಲ್ಲಿ ಮಕ್ಕಳು ಹೊಸ ಶಿಕ್ಷಕಿಗೆ ಕೇಳುವ ಪ್ರಶ್ನೆ, ‘ಅಕ್ಕೋರ, ನೀವು ಇರ್ತೀರೇನ್ರಿ, ಹೋಗ್ತೀರೇನ್ರಿ?’ ಎಂಬುದಾಗಿರುತ್ತದೆ. ಈ ಸೀಮೆಗೆ ಬರುವ ವರ್ಗಾವಣೆಯನ್ನು ಶಿಕ್ಷೆಯೆಂದು ಕರೆಯುವ ರೂಢಿ ಆಡಳಿತದಲ್ಲಿ ಬೇರೂರಿದ್ದು, ನೀರು ನೆರಳಿಲ್ಲದ ಕಡೆಗೆ ಹಾಕುತ್ತೇವೆಂಬ ಬೆದರಿಕೆ ನೌಕರರನ್ನು ಎಷ್ಟು ಹೆದರಿಸುತ್ತದೆಯೋ ಅದಕ್ಕಿಂತ ಹೆಚ್ಚಾಗಿ ಆ ಊರಿನ ಜನರನ್ನು ಅವಮಾನಿಸುತ್ತದೆ. ತಾವು ಹುಟ್ಟಿ ಬೆಳೆದ ಊರು ಬೇರೊಬ್ಬರ ದಂಡನೆಯ ಜಾಗವೆಂದು ಕೇಳುತ್ತ ಬೆಳೆಯುವ ಮಕ್ಕಳಿಗೆ ಪಾಠದ ಯಾವ ಪುಟವೂ ಆ ಗಾಯವನ್ನು ವಾಸಿಮಾಡಲಾರದು. 2002ರಲ್ಲಿ ವರದಿ ಕೊಟ್ಟ ಡಿ. ಎಂ. ನಂಜುಂಡಪ್ಪ ಸಮಿತಿಯು ಪ್ರಾದೇಶಿಕ ಅಸಮಾನತೆಯನ್ನು ತಾಲ್ಲೂಕುವಾರು ಲೆಕ್ಕ ಹಾಕಿ ತೋರಿಸಿತು. ಊರನ್ನೇ ಶಿಕ್ಷೆಯೆಂದು ಕರೆಯುವ ಈ ನಾಲಿಗೆಯ ಅಸಮಾನತೆಗೆ ಮಾತ್ರ ಯಾವ ಸೂಚ್ಯಂಕವೂ ಇಲ್ಲ.

ಸಂಶೋಧನಾ ಕೇಂದ್ರಗಳಲ್ಲಿ ನಷ್ಟದ ಸ್ವರೂಪ ಬೇರೆ. ಭತ್ತದ ಒಂದು ಹೊಸ ತಳಿಯನ್ನು ಸಂಕರಣದಿಂದ ಆರಂಭಿಸಿ, ಹಂಗಾಮಿನಿಂದ ಹಂಗಾಮಿಗೆ ಆಯ್ದು, ಹಲವು ಊರುಗಳಲ್ಲಿ ಪರೀಕ್ಷಿಸಿ ರೈತರ ಕೈಗೆ ಕೊಡುವುದಕ್ಕೆ ಸಾಮಾನ್ಯವಾಗಿ ಹತ್ತು ವರ್ಷಗಳ ಆಸುಪಾಸು ಹಿಡಿಯುತ್ತದೆ. ಮೂರು ನಾಲ್ಕು ವರ್ಷಕ್ಕೆ ವಿಜ್ಞಾನಿಯನ್ನು ಬದಲಿಸಿದರೆ ಒಬ್ಬರು ಬಿತ್ತಿದ್ದನ್ನು ಮತ್ತೊಬ್ಬರು ಆಯ್ದು ಮೂರನೆಯವರು ಬಿಡುಗಡೆ ಮಾಡಬೇಕಾಗುತ್ತದೆ. ಆಗ ನಡುವಿನ ಕೊಂಡಿಯಾಗುವವರು ಯಾವ ಮಡಿಯಲ್ಲಿ ಯಾವ ಸಾಲು ರೋಗಕ್ಕೆ ತಡೆದು ನಿಂತಿತು ಎಂಬುದನ್ನು ಕಣ್ಣಿನಲ್ಲಿಯೇ ಇಟ್ಟುಕೊಂಡಿರುವ ಸ್ಥಳೀಯ ಕ್ಷೇತ್ರ ಕಾರ್ಮಿಕರು. ಭತ್ತದ ಸೀಮೆಯ ರೈತರಿಗೆ ಇನ್ನೊಂದು ಸತ್ಯವೂ ಗೊತ್ತಿದೆ. ಸಸಿಮಡಿಯಿಂದ ಕಿತ್ತು ನಾಟಿ ಮಾಡಿದ ಪೈರು ಹೊಸ ಬೇರು ಬಿಡುವವರೆಗೆ ಕೆಲವು ದಿನ ಹಳದಿಗಟ್ಟಿ ಬಾಡಿ ನಿಲ್ಲುತ್ತದೆ. ಆ ಆಘಾತವನ್ನು ಪೂರ್ತಿ ತಪ್ಪಿಸಲಾಗದಿದ್ದರೂ, ಸಸಿ ಬರುವ ಮೊದಲೇ ಗದ್ದೆಯನ್ನು ಕೆಸರು ಮಾಡಿ ಹದಗೊಳಿಸಿ, ಬೇರಿಗೆ ಪೆಟ್ಟಾಗದಂತೆ ಕಿತ್ತು, ಕಿತ್ತ ದಿನವೇ ನೆಟ್ಟು ಕಡಿಮೆ ಮಾಡಬಹುದು. ಗದ್ದೆ ಹದವಾಗದೆ ಯಾವ ರೈತರೂ ಸಸಿ ಕೀಳುವುದಿಲ್ಲ. ವರ್ಗಾವಣೆಯಲ್ಲಿ ಕೀಳುವುದಕ್ಕೆ ಕಾಯ್ದೆಯಿದೆ, ವೇಳಾಪಟ್ಟಿಯಿದೆ, ತಂತ್ರಾಂಶವಿದೆ. ಗದ್ದೆ ಹದಮಾಡುವ ಹೊಣೆ ಮಾತ್ರ ಯಾರ ಹೆಸರಿನಲ್ಲಿಯೂ ಇಲ್ಲ.

ಆ ಹೊಣೆಯನ್ನು ಹೊರಲು ದೊಡ್ಡ ಖರ್ಚು ಬೇಕಾಗಿಲ್ಲ. ಬಂದವರು ಮನೆ ಹುಡುಕಿಕೊಳ್ಳುವವರೆಗೆ ತಾಲ್ಲೂಕು ಕೇಂದ್ರದಲ್ಲಿ ಒಂದೆರಡು ವಸತಿಗೃಹಗಳನ್ನು ಖಾಲಿ ಉಳಿಸುವುದು, ಸೇವಾ ಪುಸ್ತಕವೂ ಅಂತಿಮ ವೇತನ ಪ್ರಮಾಣಪತ್ರವೂ ನೌಕರರ ಜೊತೆಗೇ ತಲುಪುವಂತೆ ನೋಡಿಕೊಳ್ಳುವುದು, ಪ್ರತಿ ಕಚೇರಿಯಲ್ಲಿ ಹೊಸಬರಿಗೆ ಮೊದಲ ತಿಂಗಳು ಆಸರೆಯಾಗುವ ಒಬ್ಬರನ್ನು ಹೆಸರಿಸಿ ಅವರ ಶ್ರಮವನ್ನೂ ಕರ್ತವ್ಯವೆಂದು ಎಣಿಸುವುದು ಆಡಳಿತಕ್ಕೆ ಇಂದೇ ಸಾಧ್ಯವಿರುವ ಕೆಲಸಗಳು. 2024ರಲ್ಲಿ ಸಿಂಧನೂರಿಗೆ ರೈಲು ಬಂದು ದೂರ ಒಂದಿಷ್ಟು ಕಡಿಮೆಯಾಗಿದೆ. ಹಳ್ಳಿಗಳಿಗೆ ಹೊತ್ತಿಗೆ ಸರಿಯಾದ ಬಸ್ಸು, ಕೇಂದ್ರಸ್ಥಾನದಲ್ಲಿ ವಾಸಯೋಗ್ಯ ಮನೆ, ಬೇಸಿಗೆಗೂ ಸಾಲುವ ಕುಡಿಯುವ ನೀರು ಇದ್ದರೆ ಶಿಕ್ಷೆಯೆಂಬ ಮಾತು ತಾನಾಗಿ ಸವೆಯುತ್ತದೆ. ನೌಕರರಿಗೆ ವಾಸಕ್ಕೆ ತಕ್ಕುದಾದ ಊರು ಮೊದಲು ಊರಿನವರಿಗೆ ವಾಸಕ್ಕೆ ತಕ್ಕುದಾಗಿರುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಹುದ್ದೆ ಬಿಟ್ಟುಕೊಡುವವರು ಬರುವವರಿಗೆ ಒಪ್ಪಿಸುವ ಪ್ರಭಾರ ಪಟ್ಟಿಯಲ್ಲಿ ಕುರ್ಚಿ, ಕಪಾಟು, ಬೀಗದ ಕೈಗಳು ಎಣಿಕೆಯಾಗಿ ಇಬ್ಬರ ಸಹಿ ಬೀಳುತ್ತದೆ. ಆ ಪಟ್ಟಿಗೆ ಇನ್ನೊಂದು ಪುಟ ಸೇರಬೇಕು. ಸಿಹಿನೀರು ಎಲ್ಲಿ ಸಿಗುತ್ತದೆ, ಯಾವ ಮಗು ಹೊಲದ ಕೆಲಸದ ದಿನಗಳಲ್ಲಿ ಶಾಲೆ ತಪ್ಪಿಸುತ್ತದೆ, ಯಾವ ಅಜ್ಜಿಗೆ ಪಿಂಚಣಿಯ ಕಾಗದವನ್ನು ಓದಿ ಹೇಳಬೇಕು, ಕಷ್ಟದ ಹೊತ್ತಿನಲ್ಲಿ ಯಾರ ಮನೆಯ ಬಾಗಿಲು ತಟ್ಟಬಹುದು ಎಂಬುದನ್ನು ಹೋಗುವವರು ಬರುವವರಿಗೆ ಬರೆದಿಟ್ಟು ಹೋಗುವ ಒಂದು ಪುಟ ಅದು. ಎರಡು ಸಾವಿರ ವರ್ಷಗಳಿಗೂ ಹಿಂದೆ ಸುವರ್ಣಗಿರಿಯಿಂದ ಹೊರಟ ಆಜ್ಞೆಯು ದೂರದ ಊರಿನಲ್ಲಿದ್ದ ಅಧಿಕಾರಿಗಳ ಆರೋಗ್ಯವನ್ನು ಕೇಳಿದ ಮೇಲೆ ಮುಂದಿನ ಮಾತಿಗೆ ಹೋಗಿತ್ತು; ಇಂದಿನ ಆದೇಶವೂ ಅದೇ ಕ್ರಮವನ್ನು ಕಲಿತರೆ, ಅಪರಾಹ್ನದ ಬಿಡುಗಡೆಗೂ ಪೂರ್ವಾಹ್ನದ ಹಾಜರಿಗೂ ನಡುವಿನ ಆ ಖಾಲಿ ಜಾಗದಲ್ಲಿ ಯಾವ ಸಂಸಾರವೂ ಒಂಟಿಯಾಗಿ ನಿಲ್ಲಬೇಕಾಗುವುದಿಲ್ಲ.